ಸಾಲದ ಕಾಗದದ ಕೊನೆಯ ಸಾಲು

ಆ ಬೀದಿಗಳಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಕಂತು ಕೇಳಲು ಬರುವವನಿಗೆ ಯಾವನೋ ಪುಣ್ಯಾತ್ಮ 'ಕಂತಪ್ಪ' ಅಂತ ಹೆಸರಿಟ್ಟ, ಅದೇ ಅಂಟಿಕೊಂಡಿತು. ನನ್ನ ಸೈಕಲ್ಲಿನ ಚೈನಿಗೆ ಎಷ್ಟು ಎಣ್ಣೆ ಬಿಟ್ಟರೂ ಕೀಚ್ ಅನ್ನುವುದನ್ನು ನಿಲ್ಲಿಸುತ್ತಿರಲಿಲ್ಲ. ಆ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದ್ದೇ ತಡ, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಒಮ್ಮೆ ಒಬ್ಬಾತ ಮಂಚದ ಕೆಳಗೆ ಅಡಗಿದ್ದವನು ಕೆಮ್ಮು ತಡೆಯಲಾರದೆ ಕೆಮ್ಮಿಬಿಟ್ಟ. "ಬಿಸಿನೀರು ಕುಡೀರಿ ಯಜಮಾನ್ರೇ, ಮುಂದಿನ ವಾರ ಬರ್ತೀನಿ" ಎಂದು ಹೊರಗಿನಿಂದಲೇ ಹೇಳಿ ಬಂದಿದ್ದೆ.

ನಮ್ಮದು ಸಾಲ ಕೊಡುವ ಕಂಪನಿಯಲ್ಲ. ಬೇರೆಯವರು ಕೊಟ್ಟು ಕೈಬಿಟ್ಟ ಹಳೆಯ ಸಾಲಗಳನ್ನು ಗುಜರಿ ಲೆಕ್ಕದಲ್ಲಿ ಕೊಂಡು, ಆಮೇಲೆ ಪೂರ್ತಿ ವಸೂಲಿ ಮಾಡುವ ಕಂಪನಿ. ಚಪ್ಪಲಿ ಅಂಗಡಿಯ ಮೇಲೆ ಎರಡು ಕೋಣೆಗಳ ಆಫೀಸು. ಮೂರೂ ಹೊತ್ತು ಹೊಸ ತೊಗಲಿನ ವಾಸನೆ. ಈಗಲೂ ಯಾವುದಾದರೂ ಚಪ್ಪಲಿ ಅಂಗಡಿಯ ಮುಂದೆ ಹಾದುಹೋದರೆ ಎದೆಯೊಳಗೆ ಒಂದು ಕ್ಷಣ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡಂತಾಗುತ್ತದೆ.

ಆ ಅಮ್ಮನ ಮನೆಗೆ ನಾನು ಮೊದಲು ಹೋದದ್ದು ಒಂದು ಚಳಿಗಾಲದ ಬೆಳಿಗ್ಗೆ. ರಿಪೇರಿ ಅಂಗಡಿಯೊಂದರ ಹಿಂದಿನ ಅಂಗಳದಲ್ಲಿ ಒಂದೇ ಕೋಣೆ, ಅದಕ್ಕೊಂದು ದೊಡ್ಡ ಕಿಟಕಿ. ನಾನು ಬಾಗಿಲು ತಟ್ಟುವ ಮೊದಲೇ ಅದು ತೆರೆದುಕೊಂಡಿತು. ನನ್ನ ಕೆಲಸದ ಜೀವನದಲ್ಲಿ ಅದು ಮೊದಲ ಸಲ.

"ಬನ್ನಿ ಕಂತಪ್ಪನವರೇ, ಕೂತ್ಕೊಳ್ಳಿ. ಮಾಲೀಕರ ಸಾಲಕ್ಕೆ ತಾನೇ?"

ದನಿ ಪಿಸುಮಾತಿನದು. ಆದರೆ ಒಂದೊಂದು ಅಕ್ಷರವೂ ಸೂಜಿಯಲ್ಲಿ ಪೋಣಿಸಿದಷ್ಟು ಸ್ಪಷ್ಟ. ಗಂಟಲು ಕೆಟ್ಟಿದೆಯೇನೋ ಅಂದುಕೊಂಡೆ. ಹಾಗಲ್ಲ, ಅದು ಅವರ ಕಸುಬು. ಇಪ್ಪತ್ತಾರು ವರ್ಷ ನಾಟಕದ ಕಂಪನಿಯಲ್ಲಿ ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಟ್ಟವರು. ನಟನಿಗೆ ಕೇಳಿಸಬೇಕು, ಮೊದಲ ಸಾಲಿನ ಪ್ರೇಕ್ಷಕನಿಗೆ ಕೇಳಿಸಬಾರದು. ಹಾಗೆ ಪಳಗಿದ ಗಂಟಲು ಕೊನೆಗೆ ಬೇರೆ ದನಿಯನ್ನೇ ಮರೆತಿತ್ತು. ಕಂಪನಿಯವರೆಲ್ಲ ಅವರನ್ನು ಪಿಸುಮಾತಮ್ಮ ಅಂತಲೇ ಕರೆಯುತ್ತಿದ್ದರಂತೆ.

ಸಾಲ ಅವರದಲ್ಲ. ನಾಟಕದ ಮಾಲೀಕರು ಹೊಸ ದೀಪಗಳಿಗೂ ಪರದೆಗೂ ಸಾಲ ತಂದಾಗ ಜಾಮೀನಿಗೆ ಯಾರೂ ಮುಂದೆ ಬರಲಿಲ್ಲ. ನಾಯಕನ ಪಾತ್ರದವನಿಗೆ ಅವತ್ತೇ ತಲೆನೋವು, ಖಳನಾಯಕನಿಗೆ ಊರಲ್ಲಿ ಕೆಲಸ. ಈ ಅಮ್ಮ ಸಹಿ ಹಾಕಿದರು. ಎರಡು ವರ್ಷಕ್ಕೆ ನಾಟಕದ ಕಂಪನಿ ಮುಳುಗಿತು, ಮೂರನೆಯ ವರ್ಷ ಮಾಲೀಕರು ತೀರಿಹೋದರು. ಉಳಿದದ್ದು ಸಹಿ.

"ತಿಂಗಳ ಪಿಂಚಣಿ ಒಂದೇ ನನ್ನ ಆದಾಯ. ಅದರಲ್ಲಿ ಇಷ್ಟು ಕೊಡ್ತೀನಿ. ಜಾಸ್ತಿ ಕೇಳ್ಬೇಡಿ, ಕಮ್ಮಿ ಮಾಡಿ ಅಂತಾನೂ ಅನ್ನಲ್ಲ" ಎಂದು ಮೇಜಿನ ಮೇಲೆ ಒಂದಿಷ್ಟು ನೋಟು ಇಟ್ಟರು.

ಅಲ್ಲಿಂದ ಪ್ರತಿ ತಿಂಗಳ ಐದನೆಯ ತಾರೀಕು ನಾನು ಅಲ್ಲಿಗೆ ಹೋಗುತ್ತಿದ್ದೆ. ರಸೀದಿ ಬರೆಯಲು ಎರಡು ನಿಮಿಷ ಸಾಕು. ಆದರೆ ಕೂರುತ್ತಿದ್ದದ್ದು ಒಂದು ಗಂಟೆ. ಗೋಡೆಯ ತುಂಬ ಬಣ್ಣಗೆಟ್ಟ ಫೋಟೊಗಳು, ಟ್ರಂಕಿನ ತುಂಬ ನಾಟಕದ ಪುಸ್ತಕಗಳು. ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನ ಗುರುತು: 'ಇಲ್ಲಿ ಮರೆಯುತ್ತಾನೆ', 'ಇಲ್ಲಿ ಬೇಕೆಂದೇ ತಡೆಯುತ್ತಾಳೆ, ಎತ್ತಿಕೊಡಬೇಡ.'

ಒಂದು ದಿನ ನಾನೂ ಬಾಯಿಬಿಟ್ಟೆ. ಮದುವೆಗೆ ಮೊದಲು ನಾನೂ ನನ್ನ ಹೆಂಡತಿಯೂ, ಆಗಿನ್ನೂ ಪಕ್ಕದ ಬೀದಿಯ ಹುಡುಗಿ, ಅವರ ನಾಟಕ ನೋಡಿದ್ದೆವು. ಮಗಳನ್ನು ಮನೆಯಿಂದ ಹೊರಗೆ ಹಾಕುವ ದೃಶ್ಯದಲ್ಲಿ ಅಪ್ಪನ ಪಾತ್ರದವನು ಬಾಗಿಲ ಬಳಿ ನಿಂತು ಎಷ್ಟೋ ಹೊತ್ತು ಮಾತೇ ಆಡಲಿಲ್ಲ. ಇಡೀ ಥಿಯೇಟರು ಉಸಿರು ಬಿಗಿಹಿಡಿದಿತ್ತು. ಅಲ್ಲಲ್ಲಿ ಬಿಕ್ಕುವ ಸದ್ದು. ಆ ಕತ್ತಲಲ್ಲಿ ಅವಳು ಮೊದಲ ಸಲ ನನ್ನ ಕೈ ಹಿಡಿದಿದ್ದಳು.

"ಎಂಥಾ ನಟ ಅಮ್ಮಾ ಅವನು! ಆ ಮೌನ ಇವತ್ತಿಗೂ ನೆನಪಿದೆ" ಅಂದೆ.

ಅಮ್ಮ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡರು. "ಮೌನ ಎಲ್ಲಿಂದ ಬಂತು? ಅವನಿಗೆ ಮಾತು ಮರ್ತೋಗಿತ್ತು. ನನ್ನ ಪುಸ್ತಕದ ಮೇಲಿದ್ದ ಬಲ್ಬು ಸುಟ್ಟೋಯ್ತು! ಕತ್ತಲಲ್ಲಿ ಪುಟ ತಡಕಾಡ್ತಾ ನಾನು ಬೆವೀತಿದ್ದೀನಿ, ಹೊರಗೆ ನೀವೆಲ್ಲ ಅಳ್ತಾ ಕೂತಿದ್ದೀರಿ."

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಎರಡು ದಿನ ನಂಬಲಿಲ್ಲ. ಮೂರನೆಯ ದಿನ ಪಾತ್ರೆ ತೊಳೆಯುತ್ತಿದ್ದವಳು ಇದ್ದಕ್ಕಿದ್ದಂತೆ, "ಹಾಗಾದ್ರೆ ನಮ್ಮ ಸಂಸಾರ ಒಂದು ಬಲ್ಬಿನ ಕೃಪೆ ಅನ್ನಿ" ಅಂದಳು.

ಹೀಗೆ ಎರಡು ವರ್ಷ ಕಳೆಯಿತು. ಆಮೇಲೆ ಆಫೀಸಿಗೆ ಹೊಸ ಮ್ಯಾನೇಜರ್ ಬಂದ. ಉಗುರುಗಳನ್ನು ಸದಾ ಕನ್ನಡಿಯಂತೆ ಇಟ್ಟುಕೊಳ್ಳುತ್ತಿದ್ದ ಮನುಷ್ಯ. ಒಂದೊಂದೇ ಫೈಲು ತೆಗೆದು, "ಈ ಮುದುಕಿ ಕೊಡೋ ಲೆಕ್ಕದಲ್ಲಿ ಸಾಲ ತೀರೋಕೆ ನಲವತ್ತೊಂದು ವರ್ಷ ಬೇಕು. ಇದೇನು ವಸೂಲಿನೋ, ತಮಾಷೆನೋ?" ಅಂದ. ಹದಿನೈದು ದಿನದಲ್ಲಿ ಕೋರ್ಟಿನಿಂದ ಆದೇಶ ತಂದು ಅಮ್ಮನ ಬ್ಯಾಂಕ್ ಖಾತೆಯನ್ನು ತಡೆಹಿಡಿಸಿದ. ನನಗೆ ಗೊತ್ತಾದದ್ದು ಆಮೇಲೆ.

ಮುಂದಿನ ಐದನೆಯ ತಾರೀಕು ಹೋದಾಗಲೂ ಬಾಗಿಲು ಎಂದಿನಂತೆ ತಟ್ಟುವ ಮೊದಲೇ ತೆರೆಯಿತು. ಅದೇ ನನಗೆ ಹೆಚ್ಚು ಚುಚ್ಚಿತು. ಮೇಜಿನ ಮೇಲೆ ನೋಟು ಇರಲಿಲ್ಲ, ಒಂದು ಲಕೋಟೆ ಇತ್ತು.

"ಬ್ಯಾಂಕಿನಲ್ಲಿ ಆ ಹುಡುಗಿ ಖಾತೆ ಬಂದ್ ಆಗಿದೆ ಅಂದ್ಲು. ಪಿಂಚಣಿ ಬಂದಿದೆಯಂತೆ, ತೆಗೆಯೋ ಹಾಗಿಲ್ಲವಂತೆ. ನನ್ನ ಹಿಂದೆ ಇಷ್ಟುದ್ದ ಸಾಲು ನಿಂತಿತ್ತು. ಎಲ್ಲರೂ ಕೇಳಿಸ್ಕೊಂಡ್ರು" ಎಂದು ಒಂದು ಕ್ಷಣ ಕಿಟಕಿಯ ಕಡೆ ನೋಡಿದರು. "ಈ ಕಾಗದ ಬಂದಿದೆ. ಕಣ್ಣಿಗೆ ಪೊರೆ, ಸಣ್ಣ ಅಕ್ಷರ ಕಾಣಲ್ಲ. ಓದಿ ಹೇಳ್ತೀರಾ?"

ಅದು ನಮ್ಮದೇ ಕಾಗದ. ಅಂಥವನ್ನು ನೂರಾರು ನೋಡಿದ್ದೆ. ಓದಿದೆ: ಸಾಲದ ಮೊತ್ತ, ಬಡ್ಡಿ, ಆದೇಶದ ಸಂಖ್ಯೆ, ಖಾತೆಯಲ್ಲಿರುವ ಹಣವನ್ನು ಇಷ್ಟನೇ ತಾರೀಕಿನ ನಂತರ ಕಂಪನಿಗೆ ವರ್ಗಾಯಿಸಲಾಗುವುದು ಎಂಬುದು. ಕೊನೆಗೆ ಅಧಿಕಾರಿಯ ಸಹಿ ಅಂತ ಹೇಳಿ ಕಾಗದ ಮಡಿಸಿದೆ.

ಅಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕಣ್ಣು ತೆರೆಯದೆ, "ಒಂದು ಸಾಲು ನುಂಗಿದ್ರಿ" ಅಂದರು.

"ಇಲ್ಲಮ್ಮಾ, ಅಷ್ಟೇ ಇರೋದು."

"ವರ್ಗಾಯಿಸಲಾಗುವುದು ಅಂದ ಮೇಲೆ ಇನ್ನೊಂದು ವಾಕ್ಯಕ್ಕೆ ಉಸಿರು ತಗೊಂಡ್ರಿ. ತಗೊಂಡ ಉಸಿರು ಹಾಗೇ ವಾಪಸ್ ಹೋಯ್ತು. ನನ್ನ ಜೀವಮಾನವೆಲ್ಲ ಬೇರೆಯವರ ಉಸಿರು ಕೇಳೋದ್ರಲ್ಲೇ ಕಳೆದಿದೆ ಕಂತಪ್ಪನವರೇ. ಮರ್ತು ಬಿಟ್ಟಿರೋ, ಬೇಕಂತ ಬಿಟ್ಟಿರೋ?"

ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಎದ್ದು ಹೋಗಿಬಿಡುತ್ತಿದ್ದೆನೇನೋ. ನಟನೊಬ್ಬನನ್ನು ಕೇಳುವಂತೆ ಸುಮ್ಮನೆ ಕೇಳಿದರು. ನನ್ನ ಕಿವಿ ಬಿಸಿಯಾಯಿತು. ಮಡಿಸಿದ ಕಾಗದ ಬಿಚ್ಚಿ, ಕೆಳತುದಿಯಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ಓದಿದೆ.

"ಪಿಂಚಣಿ ಹಾಗೂ ಸರ್ಕಾರದಿಂದ ಬರುವ ನೆರವಿನ ಹಣಕ್ಕೆ ಈ ಆದೇಶ ಅನ್ವಯಿಸುವುದಿಲ್ಲ. ಅಂತಹ ಹಣವಿದ್ದಲ್ಲಿ ಖಾತೆದಾರರು ಹದಿನಾಲ್ಕು ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸತಕ್ಕದ್ದು."

ಹೊರಗೆ ರಿಪೇರಿಯವನು ಯಾವುದೋ ಚಕ್ರ ತಿರುಗಿಸಿ ಬಿಟ್ಟಿದ್ದ. ಅದು ತನ್ನಷ್ಟಕ್ಕೆ ತಿರುಗುತ್ತಿತ್ತು.

"ಅಂದ್ರೆ ಅವರು ಮುಟ್ಟೋ ಹಾಗಿಲ್ಲ?"

"ಇಲ್ಲ. ಆದ್ರೆ ನೀವು ಕೇಳ್ಬೇಕು. ಕೇಳದೇ ಇದ್ರೆ ತಗೋತಾರೆ."

"ಇದನ್ನ ಎಷ್ಟು ಜನರ ಮನೇಲಿ ನುಂಗಿದ್ದೀರಿ?"

ಸುಳ್ಳು ಹೇಳಬಾರದು, ಆದರೆ ಕೇಳದೆ ಏನನ್ನೂ ಹೇಳಬಾರದು ಎಂಬುದು ಆಫೀಸಿನ ಪಾಠ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಪಾಠವನ್ನು ನಾನು ಹನ್ನೊಂದು ವರ್ಷ ಚೆನ್ನಾಗಿ ಒಪ್ಪಿಸಿದ್ದೆ. ಮಂಚದ ಕೆಳಗೆ ಕೆಮ್ಮಿದವನೂ ಪಿಂಚಣಿದಾರನೇ. ಅವನ ಮುಖ ನನಗೆ ಗೊತ್ತಿರಲಿಲ್ಲ, ಕೆಮ್ಮು ಮಾತ್ರ ಗೊತ್ತಿತ್ತು.

ಅಂದೇ ಅಮ್ಮ ದಪ್ಪ ಅಕ್ಷರದಲ್ಲಿ ಆಕ್ಷೇಪಣೆ ಬರೆದರು. ನಾನು ಬರೆಯಲಿಲ್ಲ. ಅದನ್ನು ಯಾವ ಕಟ್ಟಡದ ಯಾವ ಕಿಟಕಿಗೆ ಕೊಡಬೇಕು, ಸೀಲು ಹಾಕಿದ ನಕಲು ಕೇಳಿ ಪಡೆಯಬೇಕು, ಇಷ್ಟು ಹೇಳಿದೆ.

ಹತ್ತು ದಿನದ ಮೇಲೆ ವಿಚಾರಣೆಯ ನೋಟಿಸು ಆಫೀಸಿಗೆ ಬಂತು. ಮ್ಯಾನೇಜರ್ ಅದನ್ನು ನನ್ನ ಕಡೆ ತಳ್ಳಿ, "ನೀನೇ ಹೋಗಿ ಕೂತು ಬಾ. ಇಂಥವರು ಅರ್ಜಿ ಹಾಕ್ತಾರೆ, ಆಮೇಲೆ ಹೆದರಿ ಬರೋದೇ ಇಲ್ಲ. ಬರದಿದ್ರೆ ವಜಾ" ಅಂದ.

ಬೆಳಿಗ್ಗೆ ಶರ್ಟು ಹಾಕಿಕೊಳ್ಳುವಾಗ ಹೆಂಡತಿ ಕೇಳಿದಳು, "ರೀ, ನೀವು ಇವತ್ತು ಯಾರ ಕಡೆ?"

"ಸಂಬಳ ಕೊಡೋರ ಕಡೆ ಕಣೆ."

"ಹೂಂ" ಅಂದಳು ಅಷ್ಟೇ. ಆದರೆ ಆ ಶರ್ಟಿನ ಕಾಲರನ್ನು ಅವಳು ಸಾಮಾನ್ಯಕ್ಕಿಂತ ಗಟ್ಟಿಯಾಗಿ ಎಳೆದಳು.

ಅಮ್ಮ ನನಗಿಂತ ಮೊದಲೇ ಬಂದು ಕೋರ್ಟಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಬಟ್ಟೆಯ ಚೀಲ, ಅದರಲ್ಲಿ ಪಾಸ್‌ಬುಕ್ಕು, ಪಿಂಚಣಿಯ ಪತ್ರ. ನನ್ನನ್ನು ನೋಡಿ ಗುರುತೇ ಇಲ್ಲದವರಂತೆ ಮುಖ ತಿರುಗಿಸಿದರು. ನನಗೆ ಕೆಡುಕಾಗಬಾರದು ಅಂತ. ಅದು ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು.

ವಿಚಾರಣೆಯ ಕೋಣೆ ಚಿಕ್ಕದು. ತಲೆಯ ಮೇಲೆ ಹಳೆಯ ಫ್ಯಾನು ಎತ್ತಿನಗಾಡಿಯಂತೆ ಸದ್ದು ಮಾಡುತ್ತಿತ್ತು. ಅಧಿಕಾರಿಗೆ ನೆಗಡಿ, ಕಿವಿ ಕಟ್ಟಿತ್ತು, ಮೇಜಿನ ಮೇಲೆ ಕರವಸ್ತ್ರಗಳ ರಾಶಿ.

"ನಿಮ್ಮ ಆಕ್ಷೇಪಣೆ ಏನು, ಹೇಳೀಮ್ಮ."

ಅಮ್ಮ ಎದ್ದು ನಿಂತು ಹೇಳತೊಡಗಿದರು. ತುಟಿ ಚಲಿಸಿತು. ಮೂರು ಹೆಜ್ಜೆ ದೂರದಲ್ಲಿದ್ದ ನನಗೆ ಒಂದೊಂದು ಅಕ್ಷರವೂ ಕೇಳಿಸಿತು. ಅಧಿಕಾರಿಗೆ ಕೇಳಿಸಿದ್ದು ಫ್ಯಾನು.

"ಜೋರಾಗಿ, ಜೋರಾಗಿ."

ಅಮ್ಮ ಇನ್ನೊಮ್ಮೆ ಹೇಳಿದರು. ಕತ್ತಿನ ನರ ಉಬ್ಬಿತು, ದನಿ ಮಾತ್ರ ಅಲ್ಲೇ ನಿಂತಿತು. ಎತ್ತಲು ದನಿಯೇ ಇಲ್ಲದಿದ್ದರೆ ಎತ್ತುವುದು ಏನನ್ನು? ಅಧಿಕಾರಿ ಫ್ಯಾನು ನಿಲ್ಲಿಸಲು ಹೇಳಿದರು. ಗುಮಾಸ್ತ ಸ್ವಿಚ್ಚು ಒತ್ತಿದ. ಅದು ಇಡೀ ಕಟ್ಟಡಕ್ಕೆ ಒಂದೇ ಸ್ವಿಚ್ಚಂತೆ, ಪಕ್ಕದ ಕೋಣೆಯವರು ಕೂಗಿದರು, ಮತ್ತೆ ಹಾಕಿದ. ಅಧಿಕಾರಿ ಸೀನಿ, ನನ್ನ ಕಡೆ ತಿರುಗಿದರು.

"ನಿಮಗೆ ಕೇಳಿಸ್ತಾ ಇದೆಯಾ?"

"ಕೇಳಿಸ್ತಿದೆ ಸರ್."

"ಯಾರ ಕಡೆಯವರು ನೀವು?"

"ಕಂಪನಿ ಕಡೆಯವನು."

"ಯಾರ ಕಡೆಯವರಾದ್ರೇನು, ಕಿವಿ ಇದೆಯಲ್ಲ. ಅವರು ಹೇಳಿದ್ದನ್ನ ಹೇಳಿದ ಹಾಗೇ ಹೇಳಿ. ಅಮ್ಮಾ, ಇವರು ತಪ್ಪು ಹೇಳಿದ್ರೆ ಕೈ ಎತ್ತಿ."

ಹೀಗೆ ನಾನು ಎದ್ದು ನಿಂತು, ನನ್ನ ಕಂಪನಿಯ ವಿರುದ್ಧ ನಾನೇ ಗಟ್ಟಿ ದನಿಯಲ್ಲಿ ಆಕ್ಷೇಪಣೆ ಸಲ್ಲಿಸಿದೆ. "ನಾನು ಜಾಮೀನು ಹಾಕಿದ್ದು ನಿಜ. ಸಾಲ ಇಲ್ಲ ಅಂತ ಹೇಳೋದಿಲ್ಲ. ಆದರೆ ಈ ಹಣ ವಯಸ್ಸಾದವರು ಬದುಕಲಿ ಅಂತ ಸರ್ಕಾರ ಕೊಡೋದು. ಇದನ್ನ ತಗೊಂಡ್ರೆ ನಾನು ಊಟ ಮಾಡೋದು ಹೇಗೆ?" ಅವರು ಒಂದು ವಾಕ್ಯ ಹೇಳುವುದು, ನಾನು ಎತ್ತಿ ಆಡುವುದು. ಎರಡು ಮೂರು ವಾಕ್ಯವಾಗುವಷ್ಟರಲ್ಲಿ ಲಯ ಕೂಡಿತು. ನನ್ನ ದನಿ ಆ ಕೋಣೆಯಲ್ಲಿ ನನಗೇ ಹೊಸದಾಗಿ ಕೇಳಿಸಿತು.

ಅಧಿಕಾರಿ ಪಾಸ್‌ಬುಕ್ಕು ತಿರುವಿದರು. "ಪಿಂಚಣಿ ಜಮೆ ಕಾಣಿಸ್ತಿದೆ. ಸರಿ. ಆದ್ರೆ ಇಲ್ಲಿ ಒಂದು ಬೇರೆ ಮೊತ್ತ ಇದೆ, ಆರು ತಿಂಗಳ ಹಿಂದಿನದು. ಇದೂ ಸರ್ಕಾರದಿಂದ ಬಂದಿದ್ದಾ? ಬಾಕಿ ಅಂತ ಒಟ್ಟಿಗೆ ಹಾಕಿದ್ರಾ?"

ಆ ಮೊತ್ತ ನನಗೆ ಗೊತ್ತಿತ್ತು. ನಾಯಕನ ಪಾತ್ರದವನು, ಜಾಮೀನಿನ ದಿನ ತಲೆನೋವು ಬಂದವನೇ, ಎಷ್ಟೋ ವರ್ಷದ ಮೇಲೆ ಮನಸ್ಸು ಕರಗಿ ಅಮ್ಮನ ಕಣ್ಣಿನ ಆಪರೇಷನ್ನಿಗೆ ಅಂತ ಕಳಿಸಿದ ಹಣ. ಎರಡು ಪಿಂಚಣಿಯಷ್ಟು. ಹೌದು ಅಂದರೆ ಮುಗಿಯುತ್ತಿತ್ತು. ಅಧಿಕಾರಿಗೂ ಊಟದ ಹೊತ್ತಾಗಿತ್ತು.

ಅಮ್ಮ ಹೇಳಿದರು, "ಇಲ್ಲ. ಅದು ನಮ್ಮ ನಟ ಕಳಿಸಿದ್ದು. ಕಣ್ಣಿಗೆ."

ನಾನು ಉಸಿರು ತೆಗೆದುಕೊಂಡು ನಿಂತುಬಿಟ್ಟೆ. ಅವರು ಹೇಳಿದ್ದು ನನ್ನೊಬ್ಬನಿಗೇ ಕೇಳಿಸಿತ್ತು. ನಾನು 'ಹೌದು' ಅಂದರೆ ಅಮ್ಮನಿಗೆ ಕಣ್ಣು ಬರುತ್ತದೆ. ಅಮ್ಮನ ಕಡೆ ನೋಡಿದೆ. ಅವರು ಕೈ ಎತ್ತಿರಲಿಲ್ಲ. ಬೆರಳುಗಳು ಮಾತ್ರ ಚೀಲದ ಹಿಡಿಯ ಮೇಲೆ ತುಸು ಮೇಲಕ್ಕೆದ್ದು, ಕಾಯುತ್ತಿದ್ದವು.

"ಇಲ್ಲವಂತೆ ಸರ್" ಅಂದೆ. "ಅದು ಒಬ್ಬ ನಟ ಕಣ್ಣಿನ ಆಪರೇಷನ್ನಿಗೆ ಕಳಿಸಿದ್ದಂತೆ."

ಅಧಿಕಾರಿ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬರೆದರು: ಪಿಂಚಣಿಯ ಹಣ ಪೂರ್ತಿ ಬಿಡುಗಡೆ, ಇನ್ನು ಮುಂದೆಯೂ ಅದನ್ನು ಯಾರೂ ತಡೆಹಿಡಿಯುವಂತಿಲ್ಲ. ಬೇರೆ ಮೊತ್ತ ಕಂಪನಿಗೆ. "ಕಾನೂನು ಇಷ್ಟೇ ಅಮ್ಮಾ, ನನ್ನ ಕೈಲಿಲ್ಲ" ಎಂದು ಮತ್ತೆ ಸೀನಿದರು.

ಹೊರಗೆ ಬಂದಾಗ ಬಿಸಿಲು ಏರಿತ್ತು. ನಾನು ಸೈಕಲ್ ತಳ್ಳಿಕೊಂಡು ಜೊತೆಗೆ ನಡೆದೆ. "ಹೌದು ಅಂದಿದ್ರೆ ಆಗ್ತಿತ್ತಲ್ಲಮ್ಮಾ" ಅಂದೆ, ತಡೆಯಲಾರದೆ.

"ಆಗ್ತಿತ್ತು. ಆಮೇಲೆ ಪಿಂಚಣಿದೂ ಸುಳ್ಳೇ ಇರಬೇಕು ಅಂತ ನನಗೇ ಅನ್ನಿಸ್ತಿತ್ತು." ನಾಲ್ಕು ಹೆಜ್ಜೆ ಹೋಗಿ, "ನೀನು ಚೆನ್ನಾಗಿ ಹೇಳಿದೆ. 'ಊಟ ಮಾಡೋದು ಹೇಗೆ' ಅನ್ನೋ ಕಡೆ ಸ್ವಲ್ಪ ಅತಿಯಾಯ್ತು" ಅಂದರು. ಅವತ್ತೇ ಮೊದಲು ಅವರು ನನ್ನನ್ನು 'ನೀನು' ಅಂದದ್ದು.

ಥಿಯೇಟರಿನ ಬೀದಿಯಲ್ಲೇ ಹೋಗೋಣ ಅಂದರು. ಅದು ಆಗ ಟೈರಿನ ಗೋದಾಮು. ದೊಡ್ಡ ಬಾಗಿಲು ತೆರೆದಿತ್ತು, ಒಳಗೆ ರಂಗದ ಮೇಲೆಲ್ಲ ಟೈರುಗಳ ಗೋಪುರ. ಅಮ್ಮ ಬಾಗಿಲಲ್ಲಿ ನಿಂತು ಎಡಗಡೆಯ ಮೂಲೆಗೆ ಕೈ ತೋರಿಸಿ, "ನನ್ನ ಸ್ಟೂಲು ಅಲ್ಲಿ" ಅಂದರು. ರಬ್ಬರಿನ ವಾಸನೆಯ ಆ ಕತ್ತಲಲ್ಲಿ ಅವರಿಗೆ ಏನು ಕಾಣುತ್ತಿತ್ತೋ. ನನಗೆ ಮಾತ್ರ ಕೆಂಪು ಪರದೆ, ಹಣ್ಣಿನ ಸಿಪ್ಪೆ ಚೆಲ್ಲಿದ ನೆಲ, ಮೂರನೆಯ ಗಂಟೆ ಬಾರಿಸಿದ ಕೂಡಲೇ ಒಮ್ಮೆಲೇ ತಣ್ಣಗಾಗುತ್ತಿದ್ದ ಗದ್ದಲ, ಎಲ್ಲವೂ ಕಂಡಿತು. ಗೋದಾಮಿನವನು "ಯಾವ ಸೈಜು ಬೇಕು?" ಅಂತ ಕೇಳಿದ. ಇಬ್ಬರೂ ನಕ್ಕುಬಿಟ್ಟೆವು.

ಮ್ಯಾನೇಜರ್‌ಗೆ ಸುದ್ದಿ ನಾನು ಮುಟ್ಟುವ ಮೊದಲೇ ಮುಟ್ಟಿತ್ತು. "ಉಂಡ ಮನೆಗೆ ಎರಡು ಬಗೆಯೋರು ಅಂತ ಕೇಳಿದ್ದೆ, ಕಣ್ಣಾರೆ ಕಂಡೆ" ಅಂದ. ಕೋರ್ಟು ಹೇಳು ಅಂತು, ಹೇಳಿದೆ ಅಂದೆ. "ಆಕ್ಷೇಪಣೆ ಹಾಕೋದು ಅವಳಿಗೆ ಹೇಳಿಕೊಟ್ಟವರ್ಯಾರು? ಅದೂ ಕೋರ್ಟೇನು?" ಅದಕ್ಕೆ ಸುಳ್ಳು ಹೇಳಬಹುದಿತ್ತು. "ಕಾಗದದಲ್ಲೇ ಬರೆದಿತ್ತು ಸರ್, ಓದಿದೆ" ಅಂದೆ. ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿ ಕಳಿಸಿದರು.

ಐದು ತಿಂಗಳು ಕೆಲಸವಿರಲಿಲ್ಲ. ಹೆಂಡತಿ ಹೊಲಿಗೆ ತಂದು ಮನೆ ನಡೆಸಿದಳು. ಒಂದು ದಿನವೂ ಎತ್ತಿ ಆಡಲಿಲ್ಲ ಅಂದರೆ ಸುಳ್ಳಾದೀತು, ಎರಡು ಸಲ ಆಡಿದಳು. ಆಮೇಲೆ ಶಾಲಾ ಸಮವಸ್ತ್ರದ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಆದರೆ ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳುವವರು ಯಾರೂ ಇರಲಿಲ್ಲ. ಭಾನುವಾರ ಹಳೆಯ ಬೀದಿಗಳಿಗೆ ಹೋಗಿ, ಮುಚ್ಚಿದ ಬಾಗಿಲುಗಳ ಮುಂದೆ ನಿಂತು, "ದುಡ್ಡಿಗಲ್ಲ ಬಂದಿದ್ದು, ಪಿಂಚಣಿ ಬರ್ತಿದ್ರೆ ಒಂದು ಮಾತು ಹೇಳೋದಿದೆ" ಅನ್ನುತ್ತಿದ್ದೆ. ಹಲವರು ನಂಬಲಿಲ್ಲ. ಕೆಮ್ಮಿದ ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ಆಗ ಯಾಕೆ ಹೇಳಲಿಲ್ಲ?" ಅಂದರು. ನಾನು ಸೈಕಲ್ ತಿರುಗಿಸಿಕೊಂಡು ಬಂದೆ.

ಅಮ್ಮನ ಕಣ್ಣು ಇನ್ನಷ್ಟು ಮಂದವಾದಾಗ ಅವರ ತಂಗಿಯ ಮಗಳು ಬಂದು ತನ್ನೂರಿಗೆ ಕರೆದುಕೊಂಡು ಹೋದಳು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರಲು ಒಂದು ವರ್ಷ ಹಿಡಿದರೂ ಆಪರೇಷನ್ ಆಯಿತು ಅಂತ ಕಾರ್ಡು ಬಂತು.

ಒಮ್ಮೆ ನಾನೂ ಹೆಂಡತಿಯೂ ನೋಡಿಬರಲು ಹೋದೆವು. ಮೂರನೆಯ ಮಹಡಿಯ ಮನೆ, ಬಾಲ್ಕನಿಯ ತುಂಬ ಒಣಗಲು ಹಾಕಿದ ಬಟ್ಟೆ. ಅಮ್ಮ ಬಟಾಣಿ ಬಿಡಿಸುತ್ತಾ ಕೂತಿದ್ದರು. ಮೈಕೈ ತುಂಬಿಕೊಂಡಿದ್ದರು. ನನ್ನ ಮುಖವನ್ನು ಹತ್ತಿರದಿಂದ ನೋಡಿ, "ಅಯ್ಯೋ, ಇಷ್ಟು ವಯಸ್ಸಾಗಿದೆಯೇನೋ ನಿಂಗೆ? ನಾನು ಹುಡುಗ ಅಂದ್ಕೊಂಡಿದ್ದೆ" ಅಂದರು.

ಆಮೇಲೆ ನನ್ನನ್ನು ಅಲ್ಲೇ ಬಿಟ್ಟು ಇಬ್ಬರು ಹೆಂಗಸರೂ ಆ ನಾಟಕಕ್ಕೆ ಇಳಿದರು. ಮನೆಯಿಂದ ಹೊರಗೆ ಹೋಗುವ ಮಗಳು ಹೊದ್ದಿದ್ದ ಶಾಲು ನೀಲಿ ಅಂತ ನನ್ನ ಹೆಂಡತಿ, ಹಸಿರು ಅಂತ ಅಮ್ಮ.

"ಮೂರನೇ ಸಾಲಲ್ಲಿ ಕೂತಿದ್ದೆ ಅಮ್ಮಾ, ನೀಲಿನೇ."

"ಆ ಶಾಲಿಗೆ ಅಂಚು ಹೊಲಿದೋಳು ನಾನು ಕಣಮ್ಮಾ!"

"ದೀಪದ ಬೆಳಕಲ್ಲಿ ನೀಲಿ ಕಾಣ್ತಿತ್ತು."

"ದೀಪ ಹಳದಿ. ಹಳದಿ ಬೆಳಕಲ್ಲಿ ಹಸಿರು ನೀಲಿಯಾಗುತ್ತಾ?"

ಪಿಸುಮಾತಿನಲ್ಲೂ ಅಷ್ಟು ಜೋರಾಗಿ ಜಗಳ ಆಡಬಹುದು ಅಂತ ನನಗೆ ಗೊತ್ತಿರಲಿಲ್ಲ. ನಾನು ಉಳಿದ ಬಟಾಣಿ ಬಿಡಿಸಿ ಮುಗಿಸಿದೆ. ಐದು ಗಂಟೆಯ ಬಸ್ಸು ತಪ್ಪಿತು, ಏಳರದಕ್ಕೆ ಹೊರಟೆವು. ಅಮ್ಮ ಹೋಗಿ ಈಗ ಒಂಬತ್ತು ವರ್ಷ. ನನ್ನ ಹೆಂಡತಿ ಇವತ್ತಿಗೂ ನೀಲಿ ಅನ್ನುತ್ತಾಳೆ. ಹೌದು ಅನ್ನಲು ನನಗೆ ಧೈರ್ಯವಿಲ್ಲ, ಅಲ್ಲ ಅನ್ನಲೂ ಇಲ್ಲ.